ಪಥ್ಯಕ್ಕೆ ಚೈತ್ರವೇ ಮುಹೂರ್ತ

ಇನ್ನು ಮೇಲೆ ಹಿತಮಿತವಾಗಿ ಉಣ್ಣಬೇಕು ಎಂಬ ಸಂಕಲ್ಪವನ್ನು ನಮ್ಮ ಜನ ಜನವರಿ ಒಂದರಂದೇ ಮಾಡುತ್ತಾರೆ. ಹೊಸ ಡೈರಿಯ ಮೊದಲ ಪುಟ ಖಾಲಿಯಿರುತ್ತದೆ, ಅದರಲ್ಲಿ ಏನಾದರೂ ಬರೆಯಬೇಕು ಎಂಬುದನ್ನು ಬಿಟ್ಟರೆ ಆ ದಿನಕ್ಕೂ ಹೊಟ್ಟೆಗೂ ಯಾವ ಸಂಬಂಧವೂ ಕಾಣುವುದಿಲ್ಲ. ಹಳೇ ಮೈಸೂರಿನ ಕಡೆ ಜನವರಿಯೆಂದರೆ ಅವರೆಕಾಯಿಯ ಕಾಲ. ಸೊಗಡು ತುಂಬಿದ ಕಾಯಿ ಬೀದಿಬೀದಿಯಲ್ಲಿ ರಾಶಿ ಬಿದ್ದಿರುವಾಗ, ಹಿತಕಿದ ಬೇಳೆ ಸಾರು ಒಲೆಯ ಮೇಲೆ ಕುದಿಯುತ್ತಿರುವಾಗ, ಒಂದೇ ಮುದ್ದೆಗೆ ಕೈ ತೊಳೆಯುವವನು ಸಂತನಾಗಿರಬೇಕು, ಇಲ್ಲವೇ ಅವನಿಗೆ ಜ್ವರ ಬಂದಿರಬೇಕು. ಹಲ್ಲು ಕಚ್ಚಿ ಹೇಗೋ ಎರಡು ವಾರ ತಳ್ಳಿದರೆ ಸಂಕ್ರಾಂತಿ ಬಂದೇಬಿಡುತ್ತದೆ. ಎಳ್ಳು, ಬೆಲ್ಲ, ಕೊಬ್ಬರಿ, ಹುರಿದ ಕಡಲೆಬೀಜ, ಮೇಲೊಂದು ಸಕ್ಕರೆ ಅಚ್ಚು, ಹೀಗೆ ಮನೆಮನೆಯಿಂದ ಪೊಟ್ಟಣಗಳು ಬರುತ್ತವೆ. ಬೇಡವೆಂದರೆ ವರ್ಷವಿಡೀ ಒಳ್ಳೆಯ ಮಾತಾಡಲು ಒಲ್ಲೆ ಎಂದಂತೆ. ತಿಂದರೆ ಡೈರಿಯಲ್ಲಿ ಬರೆದದ್ದು ಸುಳ್ಳಾದಂತೆ. ಹೀಗೆ ಸೋತವರು ತಮ್ಮ ಮನಸ್ಸು ಗಟ್ಟಿಯಿಲ್ಲ ಎಂದು ಕೊರಗುತ್ತಾರೆ. ಪಾಪ, ಮನಸ್ಸನ್ನು ಬೈದು ಪ್ರಯೋಜನವಿಲ್ಲ, ಮುಹೂರ್ತವೇ ಸರಿಯಿರಲಿಲ್ಲ. ಊಟದ ಅಭ್ಯಾಸ ತಿದ್ದಿಕೊಳ್ಳಲು ನಮ್ಮ ನಾಡಿಗೆ ಒಗ್ಗುವ ಕಾಲ ವಸಂತ; ದಿನ ಯುಗಾದಿ.

ಈ ವಾದಕ್ಕೆ ಮೊದಲ ಸಾಕ್ಷಿ ಆಯುರ್ವೇದದ ವಾಗ್ಭಟ. ಅವನ ‘ಅಷ್ಟಾಂಗಹೃದಯ’ದಲ್ಲಿ ಋತುಚರ್ಯೆಗೆಂದೇ ಒಂದು ಅಧ್ಯಾಯವಿದೆ. ಚಳಿಗಾಲದಲ್ಲಿ ಜಠರಾಗ್ನಿ ಪ್ರಬಲ, ಅದು ಗಟ್ಟಿ ಊಟ ಬೇಡುತ್ತದೆ, ಕೊಡಿ ಎನ್ನುತ್ತಾನೆ. ಚಳಿಯಲ್ಲಿ ಕೂಡಿಕೊಂಡ ಕಫ ವಸಂತದ ಬಿಸಿಲಿಗೆ ಕರಗಿ ಆ ಅಗ್ನಿಯನ್ನು ಮಂದ ಮಾಡುತ್ತದೆ. ಆದ್ದರಿಂದ ಜಡವಾದದ್ದು, ಜಿಡ್ಡಿನದು, ಹುಳಿ, ಸಿಹಿ ಎಲ್ಲವನ್ನೂ ಬಿಡಿ, ಹಗಲು ನಿದ್ದೆಯನ್ನಂತೂ ಮಾಡಲೇಬೇಡಿ, ಹಳೆಯ ಜವೆ ಗೋಧಿ ಉಣ್ಣಿ, ಶುಂಠಿಯ ನೀರನ್ನೋ ಜೇನಿನ ನೀರನ್ನೋ ಕುಡಿಯಿರಿ ಎಂಬುದು ಅವನ ಅಪ್ಪಣೆ. ಕಫ ಮತ್ತು ಅಗ್ನಿಯ ಈ ಲೆಕ್ಕವನ್ನು ಇಂದಿನ ವೈದ್ಯಶಾಸ್ತ್ರ ಒಪ್ಪಲಿಕ್ಕಿಲ್ಲ. ಆದರೆ ಬಿಸಿಲೇರಿದಂತೆ ಹಸಿವು ಇಳಿಯುವುದನ್ನು ಅದೂ ಒಪ್ಪುತ್ತದೆ. ಉಂಡದ್ದು ಅರಗುವಾಗ ಮೈಯಲ್ಲಿ ಶಾಖ ಹುಟ್ಟುತ್ತದೆ. ಹೊರಗೆ 36 ಡಿಗ್ರಿ ಸುಡುತ್ತಿರುವಾಗ ಒಳಗೂ ಬೆಂಕಿ ಹಾಕಿಕೊಳ್ಳಲು ದೇಹಕ್ಕೇ ಮನಸ್ಸಿರುವುದಿಲ್ಲ. ಜನವರಿಯಲ್ಲಿ ಹಸಿವಿನ ಜೊತೆ ಕುಸ್ತಿಗೆ ಇಳಿಯುವವನಿಗೆ ಎದುರಾಳಿ ಮೀಸೆ ತಿರುವುತ್ತ ನಿಂತಿರುತ್ತಾನೆ. ಚೈತ್ರದಲ್ಲಿ ಅದೇ ಎದುರಾಳಿ ಅಖಾಡದ ನೆರಳಲ್ಲಿ ಅರ್ಧ ಮಲಗಿರುತ್ತಾನೆ.

ಎರಡನೆಯ ಸಾಕ್ಷಿ ದೂರದ ಊರಿನದು. ವಾರ, ತಿಂಗಳು, ವರ್ಷ ಯಾವುದೇ ಆಗಲಿ, ಹೊಸದಾಗಿ ಮೊದಲಾಗುವ ದಿನ ಬಂತೆಂದರೆ ಜನ ಗೂಗಲ್‌ನಲ್ಲಿ ‘ಡಯಟ್’ ಎಂದು ಹುಡುಕುವುದು ಹೆಚ್ಚುತ್ತದೆ ಎಂದು ಅಮೆರಿಕದ ಕ್ಯಾಥರೀನ್ ಮಿಲ್ಕ್‌ಮನ್ ಮತ್ತು ಸಂಗಡಿಗರು 2014ರಲ್ಲಿ ತೋರಿಸಿಕೊಟ್ಟರು. ಅಂದರೆ ಬೇಕಾದದ್ದು ಒಂದು ಹೊಸ ಆರಂಭ, ಅದು ಜನವರಿಯದೇ ಆಗಬೇಕೆಂದಿಲ್ಲ. ಇನ್ನು ಲಂಡನ್ನಿನ ಫಿಲಿಪ್ಪಾ ಲ್ಯಾಲಿ ಅವರ ತಂಡ ಹೊಸ ಅಭ್ಯಾಸವೊಂದು ಮೈಗೂಡಲು ಎಷ್ಟು ದಿನ ಬೇಕು ಎಂದು ಲೆಕ್ಕ ಹಾಕಿತು. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನವೂ ಬೇಕೆಂದು ಅಂದಾಜಾಯಿತು. ನಡುವಿನ ಲೆಕ್ಕ 66 ದಿನ. ಯುಗಾದಿ ಮಾರ್ಚ್ ಕೊನೆಗೆ ಬಂದ ವರ್ಷ ಈ 66 ದಿನ ಮುಗಿಯುವುದು ಜೂನ್ ಮೊದಲ ವಾರದಲ್ಲಿ, ಮುಂಗಾರು ಕರ್ನಾಟಕಕ್ಕೆ ಕಾಲಿಡುವ ಹೊತ್ತಿಗೆ. ಮೊದಲ ಮಳೆಯ ಸಂಜೆ ಬಾಣಲೆಯಿಂದ ಮೇಲೇಳುವ ಈರುಳ್ಳಿ ಬಜ್ಜಿಗಿಂತ ಕಠಿಣವಾದ ಪರೀಕ್ಷೆ ಕನ್ನಡಿಗನಿಗೆ ಇನ್ನೊಂದಿಲ್ಲ. ಆ ಪರೀಕ್ಷೆಗೆ ಪಾಠ ಮುಗಿಸಿಕೊಂಡು ಹೋಗಿ ಕೂರುವ ಅವಕಾಶ ಕೊಡುವುದು ಚೈತ್ರ ಮಾತ್ರ.

ಮೂರನೆಯ ಸಾಕ್ಷಿ ಗೋಡೆಗೆ ನೇತುಹಾಕಿದ ಪಂಚಾಂಗ. ವರ್ಷದ ಮೊದಲ ತುತ್ತೇ ಬೇವು ಬೆಲ್ಲ. ಉತ್ತರ ಕರ್ನಾಟಕದಲ್ಲಾದರೆ ಬೇವಿನ ಹೂ, ಬೆಲ್ಲ, ಪುಟಾಣಿ ಹಿಟ್ಟು, ಮಾವಿನಕಾಯಿ ಎಲ್ಲ ಕಲಸಿ ಮಾಡಿದ ಪಾನಕ. ಇನ್ನೊಂದು ಬಟ್ಟಲು ಬಡಿಸಿ ಎಂದು ಯಾರೂ ಪೀಡಿಸದ ಹಬ್ಬದ ಖಾದ್ಯ ಇದೊಂದೇ ಇರಬೇಕು. ಚೈತ್ರದ ಒಂಬತ್ತನೆಯ ದಿನ ರಾಮನವಮಿ. ಅಂದಿನ ನೈವೇದ್ಯ ನೋಡಿ: ನೆನೆಸಿದ ಹೆಸರುಬೇಳೆ, ಸೌತೆಕಾಯಿ, ತೆಂಗಿನತುರಿ ಕಲಸಿದ ಕೋಸಂಬರಿ, ನೀರುಮಜ್ಜಿಗೆ, ಪಾನಕ. ಒಗ್ಗರಣೆಗೆ ಬಿಟ್ಟರೆ ಒಲೆಯ ಹಂಗೇ ಇಲ್ಲ. ಒಣ ಹೆಸರುಬೇಳೆಯ ನೂರು ಗ್ರಾಮಿನಲ್ಲಿ ಸುಮಾರು 24 ಗ್ರಾಂ ಪ್ರೋಟೀನ್ ಇದೆ ಎಂಬುದನ್ನು ಪೆಂಡಾಲಿನಲ್ಲಿ ದೊನ್ನೆ ಹಿಡಿದು ನಿಂತವರಾರೂ ಯೋಚಿಸುವುದಿಲ್ಲ. ಯೋಚಿಸದೆಯೇ ಪಥ್ಯ ಮಾಡಿ ಮುಗಿಸುತ್ತಾರೆ. ಮಲೆನಾಡಿನಲ್ಲಿ ಒಂದೆಲಗ, ದೊಡ್ಡಪತ್ರೆಗಳನ್ನು ತೆಂಗಿನಕಾಯಿಯ ಜೊತೆ ಅರೆದು ಮಜ್ಜಿಗೆಗೆ ಬೆರೆಸಿದರೆ ತಂಬುಳಿ. ಧಾರವಾಡದ ಕಡೆ ಜೋಳದ ರೊಟ್ಟಿಯ ಪಕ್ಕ ಹಕ್ಕರಕಿ, ಮೂಲಂಗಿ, ಉಳ್ಳಾಗಡ್ಡಿ ಹಸಿಹಸಿಯಾಗಿಯೇ ಬಂದು ಕೂರುತ್ತವೆ. ಹಸಿ ಸೊಪ್ಪು ತಿನ್ನಬೇಕೆಂದು ಪ್ಲಾಸ್ಟಿಕ್ ಡಬ್ಬಿಯ ಸಲಾಡನ್ನು ಇನ್ನೂರು ರೂಪಾಯಿ ಕೊಟ್ಟು ತರಿಸುವವರು ಒಮ್ಮೆ ಸಂತೆಗೆ ಹೋಗಿಬರಬೇಕು.

ಈಗ ಆಕ್ಷೇಪಗಳು. ಬೇವಿನ ಹಿಂದೆಯೇ ಹೋಳಿಗೆ ಬರುತ್ತದಲ್ಲ, ಅದರ ಮೇಲೆ ತುಪ್ಪವೂ ಬರುತ್ತದಲ್ಲ ಎಂದು ಕೇಳುವವರಿದ್ದಾರೆ. ಮರುದಿನದ ಹೊಸತೊಡಕನ್ನು ನೆನಪಿಸುವವರೂ ಇದ್ದಾರೆ. ಹಳೇ ಮೈಸೂರು ಸೀಮೆಯಲ್ಲಿ ಅಂದು ಬೆಳಕು ಹರಿಯುವ ಮೊದಲೇ ಮಾಂಸದಂಗಡಿಗಳ ಮುಂದೆ ಸಾಲು. ಹಳ್ಳಿಗಳಲ್ಲಿ ವಂತಿಗೆ ಹಾಕಿ ಗುಡ್ಡೆ ಬಾಡು ಹಂಚಿಕೊಳ್ಳುವ ಸಂಭ್ರಮ. ಸುಧಾರಣೆ ಶುರುವಾಗಿ ಎರಡೇ ದಿನಕ್ಕೆ ಹೋಳಿಗೆ, ಬಾಡು ಎರಡೂ ಆದರೆ ಉಳಿದದ್ದೇನು? ಉಳಿದದ್ದು ಮುನ್ನೂರ ಅರವತ್ತು ಚಿಲ್ಲರೆ ದಿನ. ಅಭ್ಯಾಸವೆಂಬುದು ಹಬ್ಬದ ಎಲೆಯ ಮೇಲೆ ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ. ಅದರ ಊರು ಮಂಗಳವಾರದ ರಾತ್ರಿಯ ತಟ್ಟೆ. ಲ್ಯಾಲಿ ಅವರ ಅಧ್ಯಯನದಲ್ಲೂ ನಡುವೆ ಒಮ್ಮೆ ತಪ್ಪಿದವರ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಪೆಟ್ಟೇನೂ ಬೀಳಲಿಲ್ಲ. ಹೊಸತೊಡಕಿಗೆ ಹೀಗೆ ಲಂಡನ್ನಿನಿಂದಲೇ ಮಾಫಿ ಸಿಕ್ಕಿದೆ. ಆದರೆ ಆ ಮಾಫಿ ಹಬ್ಬದ ದಿನಕ್ಕಷ್ಟೆ. ಫ್ರಿಜ್ಜಿನಲ್ಲಿ ಎತ್ತಿಟ್ಟು ವಾರವಿಡೀ ಕಾಫಿಯ ಜೊತೆ ಮೆಲ್ಲುವ ಹೋಳಿಗೆಗೆ ಅನ್ವಯಿಸದು.

ಮಾವಿನ ಆಕ್ಷೇಪ ಇದಕ್ಕಿಂತ ಗಟ್ಟಿ. ರಸಪುರಿ, ಬಾದಾಮಿ, ಮಲಗೋಬ ಸಾಲುಸಾಲಾಗಿ ಬರುವ ಋತುವಿನಲ್ಲಿ ಸಿಹಿ ಬಿಡುವ ಮಾತೇ ಅಪಹಾಸ್ಯವಲ್ಲವೇ? ಇಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಮ್ಮ ಪಕ್ಷಕ್ಕಿದೆ. ದಿನದ ಶಕ್ತಿಯಲ್ಲಿ ಶೇ. 10ಕ್ಕಿಂತ ಕಡಿಮೆ, ಅಂದರೆ ಸುಮಾರು 50 ಗ್ರಾಮಿನೊಳಗೆ ಇರಲಿ ಎಂದು ಅದು ಹೇಳುವುದು ನಾವು ಬೆರೆಸುವ ಸಕ್ಕರೆ, ಜೇನು, ಹಣ್ಣಿನ ರಸಗಳ ಸಿಹಿಗೆ. ಇಡೀ ಹಣ್ಣಿನೊಳಗಿನ ಸಿಹಿ ಆ ಲೆಕ್ಕಕ್ಕೆ ಬರುವುದಿಲ್ಲ. ಹಣ್ಣನ್ನು ಕೊಯ್ದು ತಿನ್ನುವವನು ನಿರಪರಾಧಿ. ಹಿಂಡಿ, ಹಾಲು ಸಕ್ಕರೆ ಸುರಿದು ಸೀಕರಣೆ ಮಾಡಿ, ಅದನ್ನು ಹೋಳಿಗೆಗೆ ಹಚ್ಚಿಕೊಳ್ಳುವವನು ಮಾತ್ರ ಕಟಕಟೆ ಹತ್ತಬೇಕು. ಮಧುಮೇಹ ಇರುವವರು ವೈದ್ಯರು ಹೇಳಿದಷ್ಟಕ್ಕೇ ನಿಲ್ಲಿಸಬೇಕೆಂಬುದು ಬೇರೆ ಮಾತು. ಇನ್ನು ಪಾನಕದ ಬೆಲ್ಲ. ಬೆಲ್ಲವೆಂದರೆ ಸಕ್ಕರೆಯಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಹಳ ಗಟ್ಟಿಯಾಗಿದೆ, ಬಣ್ಣ ಬದಲಾದ ಮಾತ್ರಕ್ಕೆ ಕ್ಯಾಲೊರಿಗಳು ಮತಾಂತರ ಹೊಂದಿಬಿಡುತ್ತವೆ ಎಂಬಂತೆ. ಪಾನಕ ಒಂದು ಲೋಟಕ್ಕೆ ನಿಲ್ಲಲಿ. ಬಾಯಾರಿಕೆಗೆ ಮಜ್ಜಿಗೆ ಇದೆ.

ಕೊನೆಯ ಆಕ್ಷೇಪ ವೈಶಾಖದ ಮದುವೆಗಳದು. ದಿನಕ್ಕೊಂದು ಛತ್ರದಲ್ಲಿ ಉಂಡು ಸುಧಾರಿಸುವುದೆಂತು? ಬಾಳೆಎಲೆಯಲ್ಲೇ ಉತ್ತರವಿದೆ. ಕೋಸಂಬರಿ, ಪಲ್ಯಗಳು ಅನ್ನಕ್ಕೆ ಮುಂಚೆಯೇ ಎಲೆಗೆ ಬೀಳುತ್ತವೆ. ತರಕಾರಿ, ಪ್ರೋಟೀನುಗಳನ್ನು ಮೊದಲು ತಿಂದು ಪಿಷ್ಟವನ್ನು ಆಮೇಲೆ ತಿಂದರೆ ಊಟದ ನಂತರ ರಕ್ತದ ಸಕ್ಕರೆ ಏರುವುದು ಕಡಿಮೆ ಎಂದು ನ್ಯೂಯಾರ್ಕಿನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2015ರಲ್ಲಿ ಮಧುಮೇಹಿಗಳ ಮೇಲೆ ಪರೀಕ್ಷಿಸಿ ಕಂಡರು. ನಮ್ಮ ಬಡಿಸುವವರಿಗೆ ಈ ಕ್ರಮ ಎಂದೋ ಗೊತ್ತು, ಗೊತ್ತಿಲ್ಲದಿರುವುದು ಉಣ್ಣುವವರಿಗೆ. ಕೋಸಂಬರಿಯನ್ನು ಎಲೆಯ ಅಲಂಕಾರವೆಂದುಕೊಂಡು ನಾವು ಅನ್ನದ ದಾರಿ ಕಾಯುತ್ತ ಕೂರುತ್ತೇವೆ.

ಆದ್ದರಿಂದ ಓದುಗರಲ್ಲಿ ವಿನಂತಿ ಇಷ್ಟೆ. ಪಥ್ಯವೆಂದು ಹೊಸ ಪಟ್ಟಿ ತರಿಸಬೇಡಿ, ಹೆಸರು ಹೇಳಲು ಬಾರದ ಕಾಳುಗಳನ್ನು ಹುಡುಕಿಕೊಂಡು ಹೋಗಬೇಡಿ. ಚೈತ್ರದಿಂದ ಮುಂಗಾರಿನವರೆಗೆ ದಿನಾ ಒಂದು ಹಿಡಿ ಕೋಸಂಬರಿ ಅಥವಾ ಹಸಿ ಸೊಪ್ಪು ಮೊದಲು ತಿನ್ನಿ, ಅನ್ನ ಆಮೇಲೆ ಬರಲಿ. ಹಣ್ಣನ್ನು ಹಣ್ಣಾಗಿಯೇ ತಿನ್ನಿ. ಬಾಯಾರಿದರೆ ಮಜ್ಜಿಗೆ ಕುಡಿಯಿರಿ. ಹಬ್ಬದ ದಿನ ಹೋಳಿಗೆಯನ್ನು ಧಾರಾಳವಾಗಿ ತಿನ್ನಿ, ಆದರೆ ತಿಂದ ಮೇಲೆ ಮಲಗಬೇಡಿ. ಈ ಕೊನೆಯ ನಿಯಮವೊಂದನ್ನು ಪಾಲಿಸಿದವರು ಸಿಕ್ಕರೆ, ಸುಧಾರಣೆ ಸಾಧ್ಯವೆಂದು ವಾಗ್ಭಟನೂ ನಂಬುತ್ತಾನೆ.