ಕೊಡಗು ವಯಾ ಲಾಲ್‌ಬಾಗ್

ಯುಗಾದಿ ಮುಗಿದ ಮರುದಿನ. ಜಯನಗರದ ಮನೆಯೊಂದರಲ್ಲಿ ಪ್ರವಾಸದ ಚರ್ಚೆ ಶುರುವಾಗುವ ಹೊತ್ತಿಗೆ ಒಲೆಯ ಮೇಲೆ ನಿನ್ನೆಯ ಒಬ್ಬಟ್ಟಿನ ಸಾರು ಮತ್ತೆ ಕುದಿಯುತ್ತಿತ್ತು. (ಎರಡನೇ ದಿನವೇ ಅದಕ್ಕೆ ನಿಜವಾದ ರುಚಿ, ಇದರಲ್ಲಿ ವಾದವಿಲ್ಲ.)

"ಕೊಡಗಿಗೆ ಹೋಗಿಬಿಡೋಣ," ಎಂದ ಗಂಡ, ಮೊಬೈಲಿನಿಂದ ತಲೆ ಎತ್ತದೆ.

"ಹೋಮ್‌ಸ್ಟೇ ಸಿಕ್ತಾ ರೀ?"

"ಸಿಗ್ತಿದೆ. ಬಾಡಿಗೆ ನೋಡಿದ್ರೆ ತೋಟಾನೂ ಸೇರಿಸಿ ಬರ್ಕೊಡ್ತಾರೇನೋ ಅನ್ಸುತ್ತೆ."

"ಸರಿ. ಲಾಲ್‌ಬಾಗ್."

ಬೆಂಗಳೂರಿನ ಮಧ್ಯಮವರ್ಗದ ಪ್ರವಾಸಗಳೆಲ್ಲ ಕೊನೆಗೆ ಬಂದು ಸೇರುವುದು ಹೈದರಾಲಿ 1760ರಲ್ಲಿ ಶುರುಮಾಡಿಸಿದ ಈ ತೋಟಕ್ಕೇ. ಈಗ ಅದು 240 ಎಕರೆ. ಅಪ್ಪ ಅಲ್ಲಿನ ಬಂಡೆಯ ಮೇಲೆ ನಿಂತು ಉಪನ್ಯಾಸ ತೆಗೆದ.

"ಪುಟ್ಟೀ, ಈ ಬಂಡೆಗೆ ಸುಮಾರು 300 ಕೋಟಿ ವರ್ಷ!"

"ಅಜ್ಜಿಗಿಂತ ಜಾಸ್ತೀನಾ?"

"ಜಾಸ್ತಿ."

"ಜಾರೋಕೆ ಬರುತ್ತಾ?"

ಬಂತು. ಹಬ್ಬದ ಹೊಸ ಲಂಗದ ಹಿಂಭಾಗ ಅಲ್ಲೇ ಉಳಿಯಿತು.

"ಮೀಟರಿಗೆ ಎಷ್ಟು ಕೊಟ್ಟಿದ್ದೆ ಗೊತ್ತಾ?" ಅಮ್ಮನ ದನಿಗೆ ಬಂಡೆಯೂ ಕೊಂಚ ಸವೆದಿರಬೇಕು.

ಕೆಳಗೆ, ಗುಲಾಬಿ ಹೂ ಉದುರಿಸುತ್ತಿದ್ದ ಟಬೂಬಿಯಾ ಮರದಡಿ ಫೋಟೋಗೆ ನೂಕುನುಗ್ಗಲು. ಅಮೆರಿಕದ ಉಷ್ಣವಲಯದಿಂದ ಬಂದ ಮರವದು. ಗಂಡ ಸ್ಟೇಟಸ್ ಹಾಕಿದ: "ನಮ್ಮ ಅಪ್ಪಟ ಬೆಂಗಳೂರು ವಸಂತ."

ಮೊದಲ ಪ್ರತಿಕ್ರಿಯೆ ಮ್ಯಾನೇಜರರದು: "ಊರಲ್ಲೇ ಇದ್ದೀರಾ? ಒಳ್ಳೇದಾಯ್ತು. ಮೂರು ಗಂಟೆಗೆ ಒಂದು ಸಣ್ಣ ಕಾಲ್."

"ಅದಕ್ಕೇ ಬಡ್ಕೊಂಡೆ," ಎಂದಳು ಹೆಂಡತಿ, "ಹೋದ ವರ್ಷದ ಮಡಿಕೇರಿ ಫೋಟೋ ಹಾಕಿ ಅಂತ."