ಹ್ಯಾಂಡಲ್ ಬದಲಿಸಿ ನೋಡು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಬುಲೆಟ್ಟಿನ ಹ್ಯಾಂಡಲ್ ಬಿಚ್ಚಿರಲಿಕ್ಕಿಲ್ಲ. ಬಿಚ್ಚಿದ್ದರೆ ಪಟ್ಟಿಗೆ ಮೂರನೆಯದೊಂದು ಸೇರುತ್ತಿತ್ತು.

ಶುರುವಾಗುವುದು ಭುಜದ ನೋವಿನಿಂದ. ಬೆಂಗಳೂರಿನಿಂದ ಚಿಕ್ಕಮಗಳೂರು ಮುಟ್ಟುವಷ್ಟರಲ್ಲಿ ಸುಸ್ತಾದವನು ಜೆ.ಸಿ. ರಸ್ತೆಗೆ ಹೋಗಿ "ಸ್ವಲ್ಪ ಎತ್ತರದ್ದು ಕೊಡಿ" ಎನ್ನುತ್ತಾನೆ. "ದಪ್ಪ ಎಷ್ಟು ಸಾರ್?" ಎಂದು ಅಂಗಡಿಯವನು ಕೇಳಿದಾಗಲೇ ಪೇಚಾಟ. ನಮ್ಮ ಬಹುತೇಕ ಬೈಕುಗಳ ಕೊಳವೆ 22 ಮಿ.ಮೀ., ಹಾರ್ಲೆಗಳದ್ದು ಸಾಮಾನ್ಯವಾಗಿ 25.4, ನಡುವೆ ಉಬ್ಬಿದ ಫ್ಯಾಟ್ ಬಾರ್ ಕ್ಲಾಂಪಿನ ಬಳಿ 28.6. ಒಂದರ ಕ್ಲಾಂಪಿಗೆ ಇನ್ನೊಂದು ಕೂರದು.

ಆಮೇಲೆ ಕೇಬಲ್‌ಗಳ ಕಾಟ. ಹ್ಯಾಂಡಲ್ ಮೇಲೇರಿದರೆ ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಬ್ರೇಕಿನ ಹೋಸ್ ಎಲ್ಲವೂ "ನಮಗೂ ಉದ್ದ ಬೇಕು" ಎಂದು ಮುಷ್ಕರ ಹೂಡುತ್ತವೆ. ಪಳಗಿದ ಮೆಕ್ಯಾನಿಕ್ ಎಂಜಿನ್ ಚಾಲೂ ಇಟ್ಟು, ಹ್ಯಾಂಡಲನ್ನು ಆ ತುದಿಯಿಂದ ಈ ತುದಿಗೆ ತಿರುಗಿಸುತ್ತಾನೆ. ಎಂಜಿನ್ ತಾನಾಗಿಯೇ ಗುರ್ ಎಂದರೆ ಕೇಬಲ್ ಬಿಗಿಯಾಗಿದೆ ಎಂದರ್ಥ. ಹಾಗೇ ಬಿಟ್ಟರೆ ಯೂ ಟರ್ನ್ ಹೊಡೆಯುವಾಗ ಬೈಕು ಯಜಮಾನನನ್ನು ಕೇಳದೆ ಮುಂದಕ್ಕೆ ನುಗ್ಗುತ್ತದೆ. ಸ್ವಿಚ್ಚು ಟ್ಯಾಂಕಿಗೆ ತಗುಲುವುದೂ ಆಗಲೇ ಗೊತ್ತಾಗುವುದು.

ರಬ್ಬರ್ ಗ್ರಿಪ್ ಏರಿಸುವುದು ಬೇರೆಯೇ ಕುಸ್ತಿ. ಬಲ್ಲವರು ಒಳಗೆ ಹೇರ್‌ಸ್ಪ್ರೇ ಹೊಡೆಯುತ್ತಾರೆ: ಹಸಿಯಿದ್ದಾಗ ಜಾರುತ್ತದೆ, ಒಣಗಿದ ಮೇಲೆ ಅಂಟುತ್ತದೆ. ತಂಗಿಯ ಡಬ್ಬಿ ಏಕಾಏಕಿ ಖಾಲಿಯಾಗುವುದರ ಗುಟ್ಟು ಇದೇ.

ಉಳಿಯುವುದು ಸ್ವಿಚ್ಚಿನ ಒಳಗಿನ ಪುಟ್ಟ ಗೂಟ. ಎಷ್ಟೋ ಹೊಸ ಕೊಳವೆಗಳಲ್ಲಿ ಅದಕ್ಕೆ ತೂತೇ ಇರುವುದಿಲ್ಲ. ಗೂಟವನ್ನೇ ಕತ್ತರಿಸಿದರೆ ಹಾರ್ನ್ ಒತ್ತಿದಾಗ ಸ್ವಿಚ್ಚೇ ಸುತ್ತಬಹುದು. ಡ್ರಿಲ್ ಮಾಡುವುದೇ ಸರಿ. ಅದೂ ಬೈಕಿನ ಮೇಲೆ ಕೂತು ಕೋನ ಗೊತ್ತುಮಾಡಿಕೊಂಡ ಮೇಲೆ, ಏಕೆಂದರೆ ತೂತು ಕೊರೆದ ಮಾಲನ್ನು ಯಾವ ಅಂಗಡಿಯವನೂ ವಾಪಸ್ ತಗೊಳ್ಳೋಲ್ಲ.