ಮೈಲೇಜ್ ಎಷ್ಟು ಕೊಡುತ್ತೆ?

ಚಳ್ಳಕೆರೆ ಎಣ್ಣೆ ಮಿಲ್ಲುಗಳ ಊರು. ಕ್ವಿಂಟಲ್ ಶೇಂಗಾಕ್ಕೆ ಎಣ್ಣೆ ಎಷ್ಟು ಬಿತ್ತು ಎಂದು ಕೇಳುತ್ತ ಬೆಳೆದವರು ಕಾರನ್ನೂ ಹಾಗೇ ಹಿಂಡಿ ನೋಡುತ್ತಾರೆ. ಗ್ರ್ಯಾಂಡ್ ವಿಟಾರಾ ಸ್ಟ್ರಾಂಗ್ ಹೈಬ್ರಿಡ್ ಲೀಟರಿಗೆ 27.97 ಕಿ.ಮೀ. ಅಂದೆ. ಸೋದರಮಾವ ಹುಬ್ಬೇರಿಸಿದ: "ಎಲ್ಲಿ ಓಡಿಸಿ ನೋಡಿದ್ರು?"

"ಪ್ರಯೋಗಾಲಯದಾಗೆ, ಮಾವ."

"ಹಂಗಾರೆ ಅಲ್ಲೇ ಓಡ್ಸು. ಮೊಳಕಾಲ್ಮೂರಿಗೆ ಹೋಗಾಕೆ ಬೇರೆ ನೋಡು."

ಅದರ ಅವಳಿ ಟೊಯೋಟಾ ಹೈರೈಡರ್ ತೋರಿಸಿದೆ. 2022ರಲ್ಲಿ ಎರಡೂ ಹುಟ್ಟಿದ್ದು ಬಿಡದಿಯ ಒಂದೇ ಕಾರ್ಖಾನೆಯಲ್ಲಿ. ಮೈಲೇಜೂ ಒಂದೇ, ಮೂತಿ ಮಾತ್ರ ಬೇರೆ. "ಮೂತಿ ಬಿಡು, ಡಿಕ್ಕಿ ತೆಗಿ" ಅಂದ. ಹೈಬ್ರಿಡ್ ವಿಟಾರಾದಲ್ಲಿ ಬ್ಯಾಟರಿಯೇ ಡಿಕ್ಕಿಯಡಿ ಸಂಸಾರ ಹೂಡಿರುವುದರಿಂದ ಉಳಿದ ಜಾಗ 265 ಲೀಟರ್. ಅಗ್ಗದ ಮೈಲ್ಡ್ ಹೈಬ್ರಿಡ್‌ನಲ್ಲಿ 373. ಮೊಳಕಾಲ್ಮೂರು ರೇಷ್ಮೆ ಸೀರೆಗಳಿಗೆ ಧಾರಾಳ ಎಂದಳು ಅತ್ತೆ. ಶೇಂಗಾ ಚೀಲಕ್ಕೆ ಸಾಲದು ಎಂದ ಮಾವ.

ಕೊನೆಯ ಅಸ್ತ್ರ ಬಿಟ್ಟೆ: "ನಿಂತು ನಿಂತು ಹೋಗೋ ಟ್ರಾಫಿಕ್‌ನಾಗೆ ಮೋಟಾರೇ ಎಳೀತದೆ, ಪೆಟ್ರೋಲ್ ಭಾಳ ಉಳೀತದೆ."

"ಅಂದ್ರೆ ಲಕ್ಷಗಟ್ಟಲೆ ಜಾಸ್ತಿ ಕೊಟ್ಟು ಕಾರು ತಗಂಡು, ಉಳಿಸಾಕೆ ಟ್ರಾಫಿಕ್ ಹುಡುಕ್ಕಂಡು ಬೆಂಗಳೂರಿಗೆ ಹೋಗ್ಬೇಕಾ?"

ಮೈಲ್ಡ್ ಹೈಬ್ರಿಡ್ ಬುಕ್ ಮಾಡಿದೆ. ಮಾವ ಈಗ ಬಣ್ಣದ ಬಗ್ಗೆ ಚೌಕಾಸಿಗೆ ಕೂತಿದ್ದಾನೆ.